ಎರಡನೇ ಕ್ಲಾಸಿನ ಅಳತೆ

ಆ ವರ್ಷ ಎರಡನೇ ಕ್ಲಾಸಿನ ಹುಡುಗಿಯರ ಯೂನಿಫಾರ್ಮ್ ಅಷ್ಟೂ ವಾಪಸ್ ಬಂತು. ಸ್ಕೂಲಿನ ಆಯಾ ಎರಡು ಚೀಲಗಳಲ್ಲಿ ತುರುಕಿಕೊಂಡು ಬಂದು ನಮ್ಮ ಅಂಗಡಿಯ ಕಟಿಂಗ್ ಟೇಬಲ್ಲಿನ ಮೇಲೆ ಸುರಿದು, "ಏನಮ್ಮಾ ಇದು, ಮಕ್ಕಳಿಗೆ ಹೊಲಿದಿದ್ದೋ ಅವರ ಅಮ್ಮಂದಿರಿಗೆ ಹೊಲಿದಿದ್ದೋ?" ಎಂದಳು. ಎದೆಯ ಹತ್ತಿರ ದೊಗಳೆ, ಕಂಕುಳಲ್ಲಿ ಜೋಲು, ಸೊಂಟದ ಪಟ್ಟಿ ಎಲ್ಲೋ ಕೆಳಗೆ. ಸಾಲಾಗಿ ನಿಲ್ಲಿಸಿದರೆ ಹುಡುಗಿಯರು ಗೋಣಿಚೀಲ ತೊಟ್ಟು ನಿಂತ ಹಾಗಿದ್ದಾರೆಂದು ಹೆಡ್‌ಮಿಸ್ ಹೇಳಿದರಂತೆ.

ನನಗೆ ಮೈಯೆಲ್ಲ ಉರಿಯಿತು. ಬಟ್ಟೆ ಕತ್ತರಿಸುವುದರಲ್ಲಿ ನನ್ನ ಕೈ ತಪ್ಪಿದ್ದೇ ಇಲ್ಲ ಎಂದು ಜಂಬ ಕೊಚ್ಚಿಕೊಳ್ಳುವವಳು ನಾನು. "ಮಕ್ಕಳಿಗೆ ಹೊಟ್ಟೆ ತುಂಬ ಹಾಕೋಕೆ ಹೇಳು, ಸರಿಯಾಗಿ ಕೂರುತ್ತೆ" ಎಂದು ಆಯಾಳನ್ನು ಸಾಗಹಾಕಿದೆ. ಅವಳು ಹೋದ ಮೇಲೆ ಒಂದು ಫ್ರಾಕನ್ನು ಎತ್ತಿ ಬೆಳಕಿಗೆ ಹಿಡಿದೆ. ಹೊಲಿಗೆ ನೆಟ್ಟಗಿತ್ತು. ಕತ್ತರಿ ಗೆರೆ ಬಿಟ್ಟು ಆಚೆ ಈಚೆ ಹೋಗಿರಲಿಲ್ಲ. ಹಾಗಾದರೆ ತಪ್ಪು ಅಳತೆಯಲ್ಲೇ ಇರಬೇಕು. ಅಳತೆ ಪಿನ್ನಿಯದು.

ಪಿನ್ನಿ ನನ್ನ ತಂಗಿಯ ಮಗಳು. ಹುಟ್ಟಿದಾಗ ಗುಂಡುಸೂಜಿಯ ಹಾಗೆ ಮೈ ಸಣ್ಣ, ತಲೆ ದಪ್ಪ. ಆಗ ಅಂಟಿದ ಹೆಸರು. ನಮ್ಮದು ಅಕ್ಕತಂಗಿಯರ ಹೊಲಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಕತ್ತರಿಸುವವಳು, ಅವಳು ಹೊಲಿಯುವವಳು. ತಂಗಿಯ ಗಂಡ ಲಾರಿ ಓಡಿಸುತ್ತಾನೆ. ಮನೆಗೆ ಅವನು ಬರುವುದಕ್ಕಿಂತ ಅವನ ಫೋನು ಬರುವುದು ಹೆಚ್ಚು. ನಾನು ಮದುವೆಯ ತಂಟೆಗೇ ಹೋಗಲಿಲ್ಲ, ಇರುವ ಒಂದು ಮಗುವಿಗೆ ಇಬ್ಬರು ತಾಯಂದಿರು ಸಾಕು ಎಂದು ಆರಾಮಾಗಿದ್ದೆ.

ಸ್ಕೂಲ್ ಯೂನಿಫಾರ್ಮಿಗೆ ನಾವು ಒಂದೊಂದು ಮಗುವಿನ ಅಳತೆ ತೆಗೆಯುತ್ತ ಕೂರುವುದಿಲ್ಲ. ಕ್ಲಾಸಿಗೊಂದು ರಟ್ಟಿನ ಅಚ್ಚು ಇರುತ್ತದೆ, ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸುತ್ತೇವೆ. ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಟ್ಟರೆ ಸಣ್ಣವರಿಗೂ ದಪ್ಪದವರಿಗೂ ಹೊಂದಿಕೊಳ್ಳುತ್ತದೆ. ಆ ಅಚ್ಚನ್ನು ಮನೆಯ ಮಗುವಿನ ಮೈಮೇಲೇ ತಯಾರಿಸಬೇಕು ಎನ್ನುವುದು ಅಮ್ಮನ ಕಾಲದಿಂದ ಬಂದ ಪದ್ಧತಿ. ಅಮ್ಮ ಮೊದಲು ನನ್ನನ್ನು, ಆಮೇಲೆ ತಂಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳೆದವಳು. ಅವಳು ಕತ್ತರಿಸಿದ ರಟ್ಟುಗಳು ಈಗಲೂ ಮೊಳೆಗೆ ನೇತಾಡುತ್ತಿವೆ. ಎದೆಯ ಹತ್ತಿರ ಬಟ್ಟೆ ಮಡಚಿ ಹಿಡಿಯುವ ಡಾರ್ಟು ಅವುಗಳಲ್ಲಿ ಮೊದಲು ಕಾಣಿಸುವುದು ಎಂಟನೇ ಕ್ಲಾಸಿಗೆ. ನನ್ನ ಕೈಗೆ ಕತ್ತರಿ ಬಂದಾಗ ಅದು ಏಳಕ್ಕೆ ಇಳಿದಿತ್ತು, ಆಮೇಲೆ ಆರಕ್ಕೆ. ಈಗ ಐದನೇ ಕ್ಲಾಸಿನ ಹುಡುಗಿಯರ ತಾಯಂದಿರು ಬಂದು, ದನಿ ತಗ್ಗಿಸಿ, "ಅಲ್ಲೊಂದು ಡಾರ್ಟು ಹಾಕ್ಬಿಡಿ, ಒಳಗೆ ಸ್ವಲ್ಪ ದಪ್ಪ ಬಟ್ಟೆ ಕೊಡಿ" ಎನ್ನುತ್ತಾರೆ. ಕಾಲ ಹಾಗಿದೆ ಎಂದುಕೊಂಡು ಹಾಕಿಕೊಡುತ್ತಿದ್ದೆ. ಬೇರೆಯವರ ಮನೆಯ ಮಕ್ಕಳ ವಿಷಯ, ನನಗೇನು.

ಪಿನ್ನಿ ಬಂದ ಮೇಲೆ ಅಚ್ಚೆಲ್ಲ ಅವಳದೇ. ಶಿಶುವಿಹಾರದ್ದು, ಒಂದನೇ ಕ್ಲಾಸಿನದು, ಎಲ್ಲ ಮಕ್ಕಳಿಗೂ ಹೇಳಿ ಮಾಡಿಸಿದ ಹಾಗೆ ಕೂತವು. ಈ ಸಲ ಅಳೆಯುವಾಗ ಟೇಪು ನಾನು ಅಂದುಕೊಂಡಿದ್ದಕ್ಕಿಂತ ಮುಂದೆ ಹೋಯಿತು. "ಏನೇ ಹೊಟ್ಟೆಬಾಕಿ, ಚೆನ್ನಾಗಿ ಮೇಯ್ತಿದ್ದೀಯ" ಎಂದು ಬೆನ್ನಿಗೊಂದು ಗುದ್ದು ಕೊಟ್ಟು ರಟ್ಟಿನ ಮೇಲೆ ಗೆರೆ ಎಳೆದುಬಿಟ್ಟೆ. ಯಾವ ವಯಸ್ಸಿಗೆ ಎಷ್ಟು ಅಳತೆ ಎಂಬ ಚಾರ್ಟೊಂದು ಗೋಡೆಯ ಮೇಲೇ ಇದೆ. ಕೆಲಸ ಬಾರದವರು ಅದನ್ನು ನೋಡುತ್ತಾರೆ ಎನ್ನುವುದು ನಮ್ಮ ಮನೆಯವರಿಗೆ ಮೊದಲಿನಿಂದ ಇರುವ ಕೊಬ್ಬು.

ಸಂಜೆ ಅವಳು ಸ್ಕೂಲಿನಿಂದ ಬಂದ ಕೂಡಲೇ ಮತ್ತೆ ಸ್ಟೂಲು ಹತ್ತಿಸಿದೆ. ಟೇಪು ಸುತ್ತಿ ಬಿಗಿ ಮಾಡುತ್ತಿದ್ದ ಹಾಗೆ ಅವಳು ಕೈ ಅಡ್ಡ ಹಿಡಿದಳು.

"ದೊಡ್ಡಮ್ಮ, ಅಲ್ಲಿ ಬೇಡ. ನೋಯುತ್ತೆ."

"ಎಲ್ಲಿ ಬಿದ್ದೆ?"

"ಬಿದ್ದಿಲ್ಲ. ಸುಮ್ನೆ ನೋಯುತ್ತೆ. ತುಂಬಾ ದಿನದಿಂದ."

ಬಟ್ಟೆಯ ಮೇಲಿಂದ ಬೆರಳು ತಾಗಿಸಿದೆ. ಒಳಗೆ ಕೋಟಿನ ಗುಂಡಿಯಷ್ಟು ಗಟ್ಟಿಯಾಗಿ ಏನೋ ಇತ್ತು. ಮುಂದಿನ ಎರಡು ಹಾಲುಹಲ್ಲು ಬಿದ್ದು ಕಿಟಕಿ ತೆರೆದ ಬಾಯಲ್ಲಿ ಅವಳು ನನ್ನನ್ನು ನೋಡುತ್ತ, "ಏನಿದೆ ದೊಡ್ಡಮ್ಮ?" ಎಂದಳು. ಏನಿಲ್ಲ ಎಂದೆ. ಮಷೀನಿನ ಮುಂದೆ ಕೂತಿದ್ದ ತಂಗಿಯನ್ನು ಕರೆದೆ.

ತಂಗಿ ಮುಟ್ಟಿ ನೋಡಿದವಳೇ ಆಸ್ಪತ್ರೆಗೆ ಹೊರಡು ಎಂದಳು. ಅವಳಿಗೆ ಗಂಟು ಎಂದರೆ ಒಂದೇ ಅರ್ಥ. ಹಿಂದಿನ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಹಾಕಿದ್ದರು. ಇನ್ನೂ ಚಿಕ್ಕ ವಯಸ್ಸಿನವಳು, ಮುಟ್ಟು ನಿಂತೇಹೋಯಿತು. ಇದ್ದಕ್ಕಿದ್ದ ಹಾಗೆ ಬೆಂಕಿ ಬಿದ್ದಂತೆ ಮೈ ಕಾಯುವುದು, ನೀರು ಸುರಿದಂತೆ ಬೆವರುವುದು, ನಿದ್ದೆ ಇಲ್ಲದಿರುವುದು. ಕಾಲಿನಲ್ಲಿ ಒಮ್ಮೆ ರಕ್ತ ಹೆಪ್ಪುಗಟ್ಟಿದ್ದರಿಂದ ಮಾತ್ರೆ ಕೊಡುವಂತಿರಲಿಲ್ಲ. ತೋಳಿಗೆ ಹಚ್ಚಿಕೊಳ್ಳಲು ಹಾರ್ಮೋನಿನ ಜೆಲ್ ಕೊಟ್ಟಿದ್ದರು. ದಿನಾ ಸಂಜೆ ಸ್ನಾನ ಮಾಡಿ ಅದನ್ನು ಹಚ್ಚಿಕೊಂಡ ಮೇಲೆ ಅವಳು ಮನುಷ್ಯಳಾಗುತ್ತಿದ್ದಳು. ಹಾಡು ಗುನುಗುತ್ತ ಮಷೀನು ತುಳಿಯುತ್ತಿದ್ದಳು.

ಮಕ್ಕಳ ಡಾಕ್ಟರಮ್ಮ ನಿಧಾನದ ಹೆಂಗಸು. ಪಿನ್ನಿಯನ್ನು ನೋಡಿ, ಸ್ಕ್ಯಾನ್ ಮಾಡಿಸಿ, ರಕ್ತ ತೆಗೆಸಿ, ಮೂಳೆಯ ವಯಸ್ಸು ನೋಡಲು ಎಡಗೈಯ ಎಕ್ಸ್‌ರೇ ತೆಗೆಸಿ, ಅವಳನ್ನು ನರ್ಸ್ ಜೊತೆ ಹೊರಗೆ ಕಳಿಸಿ ನಮ್ಮನ್ನು ಕೂರಿಸಿದರು.

"ಗಡ್ಡೆ ಗಿಡ್ಡೆ ಏನೂ ಇಲ್ಲ. ಆ ಭಯ ಬಿಡಿ. ಮಗು ದೊಡ್ಡವಳಾಗೋಕೆ ಶುರುವಾಗಿದೆ."

"ಏಳು ವರ್ಷಕ್ಕಾ?" ಎಂದಳು ತಂಗಿ.

"ಬೇಗ ಆಯ್ತು, ತುಂಬಾನೇ ಬೇಗ. ಮೂಳೆ ನೋಡಿದ್ರೆ ಹತ್ತು ವರ್ಷದ ಹುಡುಗಿದು ಅನ್ಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಹದಿನೈದು ಹದಿನಾರಕ್ಕೆ ಮುಟ್ಟಾಗ್ತಿದ್ರು. ನಮಗೆ ಹದಿಮೂರು. ಈಗ ಹತ್ತು, ಹನ್ನೊಂದು ಅಂದ್ರೂ ಯಾರೂ ಆಶ್ಚರ್ಯಪಡಲ್ಲ. ಎದೆ ಬೆಳೆಯೋದಂತೂ ಇನ್ನೂ ಹಿಂದಕ್ಕೆ ಬರ್ತಿದೆ. ಆದ್ರೂ ಏಳು ಅನ್ನೋದು ತಡೆಯಬೇಕಾದ ವಯಸ್ಸು."

"ಯಾಕೆ ಹೀಗೆ?" ಎಂದೆ ನಾನು. "ನಾವೇನು ಕೊಡಬಾರದ್ದು ಕೊಟ್ವಾ?"

"ತೂಕ ಅಂತಾರೆ, ಪ್ಲಾಸ್ಟಿಕ್ ಅಂತಾರೆ, ಮನೆತನ ಅಂತಾರೆ. ಎಲ್ಲಾ ಸ್ವಲ್ಪ ಸ್ವಲ್ಪ ನಿಜ. ಒಂದು ಮಗುನ ಮುಂದೆ ಕೂರಿಸ್ಕೊಂಡು ಇದೇ ಕಾರಣ ಅಂತ ಬೆರಳು ತೋರಿಸೋಕೆ ಮಾತ್ರ ನಮಗೆ ಆಗಲ್ಲ." ಅವರು ಏನನ್ನೋ ನೆನೆಸಿಕೊಂಡವರ ಹಾಗೆ, "ಮನೇಲಿ ಯಾರಾದ್ರೂ ಹಾರ್ಮೋನ್ ಔಷಧಿ ಹಚ್ಕೊಳ್ತೀರಾ? ಕ್ರೀಮು, ಜೆಲ್ಲು, ಆ ಥರದ್ದು?" ಎಂದು ಕೇಳಿದರು.

ತಂಗಿ ತನ್ನ ತೋಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಪಿನ್ನಿ ಹುಟ್ಟಿದಾಗಿನಿಂದ ಮಲಗುವುದು ಆ ತೋಳಿನ ಮೇಲೆಯೇ. ದಿಂಬು ಕೊಟ್ಟರೆ ಒದ್ದು ಬಿಸಾಡುತ್ತಾಳೆ. ಅಮ್ಮನ ತೋಳಿಗೆ ಕೆನ್ನೆ ಒತ್ತಿದರೇ ಅವಳಿಗೆ ನಿದ್ದೆ.

ಅದು ಚರ್ಮದಿಂದ ಚರ್ಮಕ್ಕೆ ಹೋಗುತ್ತದೆ, ಕೆಲವು ಮಕ್ಕಳಿಗೆ ಹೀಗೆ ಆಗಿದ್ದು ಉಂಟು ಎಂದರು ಡಾಕ್ಟರಮ್ಮ. ಅದೇ ಕಾರಣವಾಗಿದ್ದರೆ ತಾಗುವುದು ನಿಂತ ಮೇಲೆ ಎಲ್ಲ ತಾನಾಗಿ ಇಳಿದುಹೋಗುತ್ತದೆ. ಅಲ್ಲದಿದ್ದರೆ ಮಗುವಿನ ಮಿದುಳೇ ಗಂಟೆ ಬಾರಿಸಿದೆ ಎಂದರ್ಥ, ಅದು ಇಳಿಯುವುದಿಲ್ಲ. ಮೊದಲ ರಕ್ತಪರೀಕ್ಷೆಯಲ್ಲಿ ಎರಡರಲ್ಲಿ ಯಾವುದೆಂದು ಖಚಿತವಾಗಿರಲಿಲ್ಲ. ಮೂರು ತಿಂಗಳು ನೋಡೋಣ ಎಂದರು. "ನೀವು ಜೆಲ್ ಬಿಡಬೇಡಿ. ತೊಡೆಗೆ ಹಚ್ಚಿ, ಬಟ್ಟೆ ಮುಚ್ಚಿ, ಕೈ ಸೋಪು ಹಾಕಿ ತೊಳೀರಿ. ಮಗುನ ಎತ್ತಿಕೊಳ್ಳಿ, ಮುದ್ದು ಮಾಡಿ, ಏನೂ ತೊಂದ್ರೆ ಇಲ್ಲ."

ಹೊರಗೆ ಬಂದ ಮೇಲೆ ತಂಗಿ ಅಳುತ್ತಾಳೆಂದು ಕಾದಿದ್ದೆ. ಅವಳ ಮುಖದಲ್ಲಿ ಕಳೆ ಬಂದಿತ್ತು.

"ನನ್ನಿಂದಾನೇ ಕಣೇ ಅಕ್ಕ. ಖಂಡಿತ ನನ್ನಿಂದಾನೇ ಆಗಿರೋದು."

"ಹಾಗಂತ ಅವರು ಹೇಳಿಲ್ಲ."

"ನನ್ನಿಂದಾನೇ ಆಗಿರ್ಲಪ್ಪ. ಆಗ ಇಳಿಯುತ್ತೆ ಅಂದ್ರಲ್ಲ."

ತಪ್ಪು ನಮ್ಮದಲ್ಲ ಎಂದು ಸಾಧಿಸಲು ಜನ ಏನೆಲ್ಲ ಒದ್ದಾಡುತ್ತಾರೆ. ತಪ್ಪು ನನ್ನದೇ ಆಗಿರಲಿ ಎಂದು ಕಂಡಕಂಡ ದೇವರಿಗೆ ಕೈ ಮುಗಿದವಳನ್ನು ನಾನು ನೋಡಿದ್ದು ಅವಳೊಬ್ಬಳನ್ನೇ. ನಾನೂ ಹಾಗೇ ಆಗಲೆಂದು ಆಸೆಪಟ್ಟೆ, ಸುಳ್ಳೇಕೆ ಹೇಳಲಿ. ಪಿನ್ನಿಗೆ ಇನ್ನೂ ಶೂ ಲೇಸು ಕಟ್ಟಿಕೊಳ್ಳಲು ಬರುವುದಿಲ್ಲ. ಹೀಗೇ ಬಿಟ್ಟರೆ ಮುಂದಿನ ವರ್ಷದ ಹೊತ್ತಿಗೆ ಅವಳು ತಿಂಗಳು ತಿಂಗಳು ಬಟ್ಟೆ ನೋಡಿಕೊಳ್ಳಬೇಕು. ಸ್ಕೂಲಿನ ಶೌಚಾಲಯದ ಬಾಗಿಲಿಗೆ ಚಿಲಕ ಸಹ ಇಲ್ಲ.

ಆ ದಿನವೇ ತಂಗಿ ಜೆಲ್ಲಿನ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದಳು. ತೊಡೆಗೆ ಹಚ್ಚು ಎಂದಿದ್ದಾರಲ್ಲೇ ಎಂದರೆ, "ಮೈಯೆಲ್ಲ ಹರಡ್ಕೊಂಡಿರುತ್ತೆ, ಅವರಿಗೇನು ಗೊತ್ತು" ಎಂದಳು. ಹೊಲಿಗೆಯವಳ ಬುದ್ಧಿ. ಬಣ್ಣ ಬಿಡುವ ಬಟ್ಟೆಯನ್ನು ಬಿಳಿ ಬಟ್ಟೆಯ ಜೊತೆ ಒಂದು ಬಕೆಟ್ಟಿನಲ್ಲಿ ಹಾಕದವಳು, ಎಷ್ಟು ಸಲ ತೊಳೆದರೂ ಅದನ್ನು ನಂಬದವಳು. ಪಿನ್ನಿಯ ಹಾಸಿಗೆಯನ್ನು ನನ್ನ ಕೋಣೆಗೆ ಹಾಕಿದಳು. ಅವಳ ಬಟ್ಟೆ ಬೇರೆ ಒಗೆದಳು, ಟವಲು ಬೇರೆ, ಸೋಪು ಬೇರೆ. ತಲೆ ಬಾಚಿ ಎರಡು ಜಡೆ ಹಾಕುವ ಕೆಲಸ ನನಗೆ ಬಂತು. ಮೊದಲ ದಿನ ಪಿನ್ನಿ ಅಭ್ಯಾಸಬಲದಿಂದ ಓಡಿಬಂದು ಬೆನ್ನಿಗೆ ಜೋತುಬಿದ್ದಾಗ ತಂಗಿ ಕಾಲಿಗೆ ಹಾವು ಸಿಕ್ಕಿದವಳ ಹಾಗೆ ಹಾರಿದಳು. "ಹತ್ತಿರ ಬರಬೇಡ ಪುಟ್ಟಿ. ಅಂಟ್ಕೊಳ್ಳುತ್ತೆ. ಸ್ವಲ್ಪ ದಿನ ಅಷ್ಟೇ."

ಪಿನ್ನಿ ಏಟು ತಿಂದ ಮಕ್ಕಳು ನಿಲ್ಲುವ ಹಾಗೆ ಸ್ವಲ್ಪ ಹೊತ್ತು ನಿಂತು ಮೇಲೆ ಹೋದಳು.

ನನಗೆ ಸಿಟ್ಟು ಬಂದು, "ಡಾಕ್ಟರು ಮುದ್ದು ಮಾಡು ಅಂದ್ರೆ ನೀನು ಮಗುನ ನಾಯಿ ಥರ ಓಡಿಸ್ತೀಯಲ್ಲೇ" ಎಂದೆ.

"ನೀನು ಹೆತ್ತಿದ್ರೆ ಗೊತ್ತಾಗ್ತಿತ್ತು" ಎಂದಳು.

ಸಂಜೆಯವರೆಗೆ ನಾನು ಕತ್ತರಿಯ ಜೊತೆ ಮಾತ್ರ ಮಾತಾಡಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಅವಳೇ ಟೀ ತಂದು ಟೇಬಲ್ಲಿನ ಮೇಲಿಟ್ಟು ಹೋದಳು, ನಾನು ಕುಡಿದೆ. ನಮ್ಮ ಜಗಳ ಮುಗಿಯುವುದು ಹೀಗೆಯೇ.

ಔಷಧಿ ಬಿಟ್ಟ ಮೇಲೆ ತಂಗಿಯ ದೇಹ ಸುಮ್ಮನಿರಲಿಲ್ಲ. ಮಷೀನಿನ ಮುಂದೆ ಕೂತವಳು ಏಕಾಏಕಿ ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ ಒಡ್ಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು. ಸೂಜಿ ಮುರಿಯುವುದು, ಹೊಲಿಗೆ ಅಡ್ಡಾದಿಡ್ಡಿ ಹೋಗುವುದು, ಬಿಚ್ಚಲು ಕೂತರೆ ಅಳು. ಒಂದು ಸಂಜೆ ಪಿನ್ನಿ ನೆಲದ ಮೇಲೆ ಬಿದ್ದ ಗುಂಡುಸೂಜಿಗಳನ್ನು ಅಯಸ್ಕಾಂತದಿಂದ ಎತ್ತುತ್ತ ನನ್ನನ್ನು ಕೇಳಿದಳು:

"ಅಮ್ಮಂಗೆ ಯಾಕೆ ಅಷ್ಟು ಬೆವರುತ್ತೆ?"

"ಹುಷಾರಿಲ್ಲ ಕಣೇ ಅವಳಿಗೆ."

"ಮೊದ್ಲು ಹೀಗಿರ್ಲಿಲ್ಲ."

"ಈಗ ಆಗಿದೆ."

"ಯಾವಾಗಿಂದ? ನಂಗೆ ಗಂಟು ಬಂದಾಗಿಂದ್ಲಾ?"

"ಹೂಂ, ಆಗಿಂದ್ಲೇ. ಏಳು, ಆ ಮೇಜಿನ ಕೆಳಗೂ ನೋಡು" ಎಂದೆ. ನನ್ನ ಕೈಯಲ್ಲಿ ಕತ್ತರಿ ಅರ್ಧ ದಾರಿಯಲ್ಲಿತ್ತು. ಬಟ್ಟೆ ಜಾರುತ್ತಿತ್ತು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ನೋಡುವ ವ್ಯವಧಾನ ಯಾರಿಗಿತ್ತು.

ಅದಾದ ಮೇಲೆ ಅವಳಾಗಿಯೇ ದೂರ ಇರತೊಡಗಿದಳು. ಅಮ್ಮನ ಲೋಟದಲ್ಲಿ ನೀರು ಕುಡಿಯುವವಳು ಕುಡಿಯುವುದು ಬಿಟ್ಟಳು. ಊಟಕ್ಕೆ ಕೂರುವಾಗ ನನ್ನ ಈ ಕಡೆ ಬಂದು ಕೂತಳು. ತಂಗಿ ಅದನ್ನು ನೋಡಿ, "ಎಷ್ಟು ಜಾಣೆ ನೋಡು, ಹೇಳಿದ್ದು ಅರ್ಥ ಮಾಡ್ಕೊಂಡಿದಾಳೆ" ಎಂದು ಕಣ್ಣು ಒರೆಸಿಕೊಂಡಳು. ಜಾಣೆ ಎಂದು ನಾನೂ ತಲೆಯಾಡಿಸಿದೆ.

ಅಪ್ಪ ಎನ್ನುವವನು ಆ ತಿಂಗಳ ಕೊನೆಗೆ ಬಂದ. ಪಿನ್ನಿ ಎಂದಿನಂತೆ ಮೆಟ್ಟಿಲಿನಿಂದ ಹಾರಿ ಅವನ ಕೊರಳಿಗೆ ಬಿದ್ದಳು. ಅವನು ಎತ್ತಿಕೊಂಡವನು ಫೋನಿನಲ್ಲಿ ಕೇಳಿದ್ದು ನೆನಪಾದವನಂತೆ ತಟ್ಟನೆ ಇಳಿಸಿ, ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ, ಕೊನೆಗೆ ಅವಳ ತಲೆಯ ಮೇಲೆ ಎರಡು ಸಲ ತಟ್ಟಿದ. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸುವವನಲ್ಲ. ಆದರೆ ಅವನು ಮತ್ತೆ ಲಾರಿ ಹತ್ತುವವರೆಗೂ ಪಿನ್ನಿಯೊಂದಿಗೆ ನೆಂಟರ ಮಗಳೊಂದಿಗೆ ಮಾತಾಡುವ ಹಾಗೆ ಮಾತಾಡಿದ. ಸ್ಕೂಲು ಹೇಗಿದೆ, ಚೆನ್ನಾಗಿ ಓದು, ಅಷ್ಟೇ.

ಹೊರಗೂ ಅದೇ ಕತೆ. ಬಸ್ಸಿನಲ್ಲಿ ಕಂಡಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದೊಡ್ಡ ಹುಡುಗಿಗೆ ಅರ್ಧ ಟಿಕೆಟ್ಟಾ?" ಎಂದ. "ಬಾಯಿ ತೆಗೆಯೇ" ಎಂದು ಅವಳ ಬಿದ್ದ ಹಲ್ಲು ತೋರಿಸಿದೆ, ಪಕ್ಕದಲ್ಲಿದ್ದವರು ನಕ್ಕರು. ಕ್ಲಾಸಿನಲ್ಲಿ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದರು, ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲವಂತೆ. ಆಟದ ಪೀರಿಯಡ್ಡಿನಲ್ಲಿ ಓಡುವುದನ್ನು ಅವಳೇ ಬಿಟ್ಟಳು. ಯಾರೋ ಏನೋ ಅಂದಿರಬೇಕು. ಏನಂದರೆಂದು ಎಷ್ಟು ಕೇಳಿದರೂ ಹೇಳಲಿಲ್ಲ, ಒಳಗೆ ಹಾಕಿಕೊಳ್ಳಲು ದಪ್ಪ ಬಟ್ಟೆಯದು ಹೊಲಿದುಕೊಡು ಎಂದಳು. ಐದನೇ ಕ್ಲಾಸಿನ ತಾಯಂದಿರು ತಗ್ಗಿದ ದನಿಯಲ್ಲಿ ಕೇಳುತ್ತಿದ್ದುದನ್ನು ಎರಡನೇ ಕ್ಲಾಸಿನ ನಮ್ಮ ಮಗು ಮೆಲ್ಲಗೆ ಕೇಳಿತು. ಹೊಲಿದುಕೊಟ್ಟೆ. ಆ ತುಂಡು ಬಟ್ಟೆ ಕತ್ತರಿಸಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು.

ಭಾನುವಾರ ಭಾನುವಾರ ತಂಗಿ ಅಳತೆ ತೆಗೆಸುತ್ತಿದ್ದಳು. ನಾನು ಟೇಪು ಹಿಡಿಯಬೇಕು, ಅವಳು ಬಾಗಿಲ ಹತ್ತಿರ ನಿಂತು ನನ್ನ ಬಾಯನ್ನೇ ನೋಡಬೇಕು. ಪಿನ್ನಿ ಆ ಹೊತ್ತಿಗೆ ಭುಜಗಳನ್ನು ಒಳಕ್ಕೆ ಎಳೆದು, ಬೆನ್ನು ಗೂನು ಮಾಡಿ, ಆದಷ್ಟು ಸಣ್ಣಗೆ ನಿಲ್ಲಲು ಹೆಣಗುತ್ತಿದ್ದಳು. ಅಳತೆ ಕಮ್ಮಿ ಬಂದರೆ ಅಮ್ಮನ ಮುಖ ಅರಳುತ್ತದೆಂದು ಅವಳಿಗೆ ತಿಳಿದುಹೋಗಿತ್ತು.

"ನೆಟ್ಟಗೆ ನಿಲ್ಲು" ಎಂದರೆ, "ನೆಟ್ಟಗೇ ಇದೀನಿ ದೊಡ್ಡಮ್ಮ" ಎನ್ನುತ್ತಿದ್ದಳು.

"ಕಮ್ಮಿ ಆಗಿದೆ ಅಲ್ವಾ?" ಬಾಗಿಲಿನಿಂದ ತಂಗಿ.

"ಹಾಗೇ ಇದೆ."

"ಜಾಸ್ತಿ ಆಗಿಲ್ಲ ತಾನೇ? ಹಾಗೇ ಇದೆ ಅಂದ್ರೆ ನಿಂತಿದೆ ಅಂತ. ನಿಂತ್ಮೇಲೆ ಇಳಿಯುತ್ತೆ."

ಟೇಪು ಎಳೆದು ಹಿಡಿದರೆ ಕಮ್ಮಿ, ಸಡಿಲ ಬಿಟ್ಟರೆ ಹೆಚ್ಚು. ಅಳತೆಗೆ ಸುಳ್ಳು ಹೇಳಿಸುವುದು ನನಗೆ ಬಾರದ ವಿದ್ಯೆಯಲ್ಲ. ಆದರೆ ನೋಯುವ ಮೈ, ಎಳೆಯಲು ಮನಸ್ಸು ಬರಲಿಲ್ಲ. ಹಾಗೇ ಇದೆ, ಹಾಗೇ ಇದೆ ಎಂದು ಹೇಳುತ್ತ ಹೋದೆ, ತಂಗಿ ಅದನ್ನು ಕಟ್ಟಿಕೊಂಡು ಮುಂದಿನ ಭಾನುವಾರದವರೆಗೆ ಬದುಕುತ್ತಿದ್ದಳು.

ಮೂರು ತಿಂಗಳು ಕಳೆದವು. ಮತ್ತೆ ಆಸ್ಪತ್ರೆ, ಮತ್ತೆ ಎಕ್ಸ್‌ರೇ. ಈ ಸಲ ಒಂದು ಸೂಜಿ ಚುಚ್ಚಿ, ಬಿಟ್ಟು ಬಿಟ್ಟು ಹಲವು ಸಲ ರಕ್ತ ತೆಗೆದರು. ಪಿನ್ನಿ ಅಳಲಿಲ್ಲ. ತಂಗಿ ಗಾಜಿನ ಬಾಗಿಲ ಆಚೆ ನಿಂತು ನೋಡುತ್ತಿದ್ದಳು, ಕೈ ಹಿಡಿದುಕೊಂಡಿದ್ದವಳು ನಾನು. ಕೆಲವು ದಿನ ಬಿಟ್ಟು ಫಲಿತಾಂಶಕ್ಕೆ ಹೋದೆವು. ಡಾಕ್ಟರಮ್ಮ ಪಿನ್ನಿಯನ್ನು ಮಾತಾಡಿಸಿ, "ಇನ್ನೂ ಇದೆ ಅಲ್ವಾ ಪುಟ್ಟ, ಅದಕ್ಕೆ ನಾವು ಔಷಧಿ ಕೊಡೋಣ, ಆಯ್ತಾ?" ಎಂದು ಹೇಳಿ ಹೊರಗಿನ ಬೆಂಚಿನ ಮೇಲೆ ಕೂರಲು ಕಳಿಸಿದರು. ಆಮೇಲೆ ತಂಗಿಯ ಕಡೆ ತಿರುಗಿ ನಕ್ಕರು. ನಿಜವಾಗಿ ಒಳ್ಳೆಯ ಸುದ್ದಿ ಕೊಡುತ್ತಿದ್ದೇನೆಂದೇ ಅವರು ತಿಳಿದಿದ್ದರು.

"ನಿಮ್ಮ ಜೆಲ್ಲಿನಿಂದ ಆಗಿದ್ದಲ್ಲ ಇದು. ನೀವು ಸಮಾಧಾನವಾಗಿರಿ. ನಿಮ್ಮದೇನೂ ತಪ್ಪಿಲ್ಲ."

ತಂಗಿ ಅವರನ್ನೇ ನೋಡಿದಳು. "ಇಲ್ಲ ಡಾಕ್ಟ್ರೇ. ಇನ್ನೊಂದ್ಸಲ ನೋಡಿ."

"ನೋಡಿದೀವಮ್ಮ. ಮಿದುಳಿನಿಂದಾನೇ ಶುರುವಾಗಿದೆ. ತಾಗೋದು ನಿಂತ್ಮೇಲೂ ಮುಂದುವರಿದಿದೆ."

"ಮೈಯಲ್ಲಿ ಇನ್ನೂ ಉಳ್ಕೊಂಡಿರುತ್ತೆ. ಒಂದು ವರ್ಷ ಪೂರ್ತಿ ಹಚ್ಚಿದೀನಿ. ಪೂರ್ತಿ ಹೋಗೋಕೆ ಟೈಮ್ ಬೇಡ್ವಾ? ನನ್ನ ತೋಳಿನ ಮೇಲೇ ಮಲಗ್ತಿದ್ಲು ಡಾಕ್ಟ್ರೇ, ದಿನಾ ಮಲಗ್ತಿದ್ಲು."

ಅಷ್ಟು ದಿನ ಉಳಿಯುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಇಂಜೆಕ್ಷನ್ ಇದೆ, ತಿಂಗಳು ತಿಂಗಳು ಕೊಟ್ಟರೆ ಸಕಾಲ ಬರುವವರೆಗೆ ತಡೆದು ನಿಲ್ಲಿಸಬಹುದು, ಬೆಳೆದಷ್ಟು ಬೆಳೆದದ್ದು ಪೂರ್ತಿ ಹಿಂದಕ್ಕೆ ಹೋಗಲಿಕ್ಕಿಲ್ಲ, ಆದರೆ ಮಗು ಮಗುವಾಗಿಯೇ ಇನ್ನೂ ಕೆಲವು ವರ್ಷ ಇರಬಹುದು ಎಂದರು. ತಂಗಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಮೂರು ತಿಂಗಳು ಅವಳನ್ನು ನಿಲ್ಲಿಸಿದ್ದು ಆ ಒಂದು ತಪ್ಪು. ಅದನ್ನು ಕಿತ್ತುಕೊಂಡ ಮೇಲೆ ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ. ಯಾರನ್ನು ಬೈಯಬೇಕು, ಏನನ್ನು ಬಿಡಬೇಕು, ಯಾರ ಕಾಲಿಗೆ ಬೀಳಬೇಕು, ಒಂದೂ ಗೊತ್ತಿಲ್ಲ. ನನಗೆ ಡಾಕ್ಟರಮ್ಮನ ಮೇಲೆ ಕೋಪ ಬಂತು. ಪಾಪ, ಅವರೇನು ಮಾಡಿಯಾರು. ಆದರೂ ಬಂತು.

ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ತಂಗಿಗೆ ಇನ್ನೊಂದು ಹೊಳೆದಿತ್ತು. ತನ್ನಿಂದ ಆಗಿದ್ದಲ್ಲವೆಂದ ಮೇಲೆ ಮಗಳನ್ನು ಮುಟ್ಟಬಹುದಲ್ಲ. ಬೆಂಚಿನ ಮೇಲೆ ಪಿನ್ನಿ ಕ್ಯಾಲೆಂಡರಿನಂಥ ಯಾವುದೋ ಬಣ್ಣದ ಚಿತ್ರ ನೋಡುತ್ತ ಕೂತಿದ್ದಳು. ತಂಗಿ ಜನರ ಕಡೆ ಲಕ್ಷ್ಯವಿಲ್ಲದೆ ಅವಳ ಮುಂದೆ ನೆಲದ ಮೇಲೆ ಮಂಡಿಯೂರಿ ಎರಡೂ ಕೈ ಚಾಚಿದಳು.

"ಬಾ ಪುಟ್ಟಿ. ಇನ್ನೇನೂ ಭಯ ಇಲ್ಲ. ಬಾ ಇಲ್ಲಿ."

ಪಿನ್ನಿ ಬೆಂಚಿನ ತುದಿಗೆ ಸರಿದಳು. "ಬೇಡಮ್ಮ."

"ಯಾಕೆ ಬೇಡ? ಅಮ್ಮ ಕರೀತಿದೀನಿ, ಬಾ."

"ನಂದಿನ್ನೂ ಹೋಗಿಲ್ವಲ್ಲ. ಡಾಕ್ಟರ್ ಆಂಟಿ ಇನ್ನೂ ಇದೆ ಅಂದ್ರು."

"ಇದ್ರೇನಂತೆ?"

"ನಿಂಗೆ ಅಂಟುತ್ತೆ." ಅವಳು ಅಮ್ಮನಿಗೆ ಸಮಾಧಾನ ಹೇಳುವ ಹಾಗೆ ಹೇಳಿದಳು. "ಆಗ್ಲೇ ಅಂಟಿದೆ. ಅದಕ್ಕೇ ನಿಂಗೆ ಅಷ್ಟು ಬೆವರೋದು, ನಿದ್ದೆ ಬರದೇ ಇರೋದು. ನಿನ್ ಮೇಲೆ ಮಲಗ್ತಿದ್ನಲ್ಲ ನಾನು. ಪೂರ್ತಿ ಹೋದ್ಮೇಲೆ ಬರ್ತೀನಿ."

ಅಕ್ಕಪಕ್ಕದವರು ನಮ್ಮನ್ನೇ ನೋಡುತ್ತಿದ್ದರು. ಆ ಮಗು ಅಷ್ಟೂ ದಿನ ಲೋಟ ಬಿಟ್ಟಿದ್ದು, ಪಕ್ಕದಲ್ಲಿ ಕೂರುವುದು ಬಿಟ್ಟಿದ್ದು, ಸೂಜಿ ಚುಚ್ಚಿದಾಗ ಬಾಗಿಲಾಚೆ ನಿಂತ ಅಮ್ಮನನ್ನು ಕರೆಯದೇ ಇದ್ದಿದ್ದು ತನ್ನನ್ನು ಉಳಿಸಿಕೊಳ್ಳಲಿಕ್ಕಲ್ಲ. ಅಮ್ಮನನ್ನು ಉಳಿಸಲಿಕ್ಕೆ. ಜಾಣೆ ಎಂದು ನಾವಿಬ್ಬರೂ ಅವಳನ್ನು ಹೊಗಳಿಕೊಂಡು ತಿರುಗುತ್ತಿದ್ದೆವು.

"ಅಲ್ಲ ಕಣೇ" ಎಂದಳು ತಂಗಿ. "ನಿನ್ನಿಂದ ನಂಗೆ ಏನೂ ಆಗಿಲ್ಲ. ನನ್ನಿಂದಾನೇ ನಿಂಗೆ..." ಎಂದವಳು ಅಲ್ಲಿಗೇ ನಿಂತಳು. ಈಗ ಅದನ್ನೂ ಹೇಳುವಂತಿರಲಿಲ್ಲ.

"ನಿನ್ನಿಂದ್ಲಾ?"

"ಅಲ್ಲ. ನನ್ನಿಂದ್ಲೂ ಅಲ್ಲ."

"ಮತ್ತೆ ಯಾರಿಂದ?"

ತಂಗಿ ನನ್ನ ಕಡೆ ನೋಡಿದಳು. ಯಾರಿಂದಲೂ ಅಲ್ಲ, ಸುಮ್ಮನೆ ಆಯಿತು ಎಂದು ಏಳು ವರ್ಷದ ಮಗುವಿಗೆ ಹೇಳಿದರೆ ಅದು ನಂಬುವುದಿಲ್ಲ. ನನಗೇ ನಂಬಿಕೆಯಿರಲಿಲ್ಲ.

ಆಗ ತಂಗಿ ತಡೆಯಲಾರದೆ ಮುಂದಕ್ಕೆ ಬಾಗಿ ಅವಳನ್ನು ಎಳೆದು ಅಪ್ಪಿಕೊಂಡುಬಿಟ್ಟಳು. ಮೂರು ತಿಂಗಳ ಹಸಿವು. ಕೂದಲಿಗೆ ಮುಖ ಒತ್ತಿ, ಬೆನ್ನು ಸವರಿ, ಏನೇನೋ ಹೇಳುತ್ತ ಅಳುತ್ತಿದ್ದಳು. ಪಿನ್ನಿ ಒದ್ದಾಡಲಿಲ್ಲ, ಬಿಡಿಸಿಕೊಳ್ಳಲಿಲ್ಲ. ಕೈಗಳನ್ನು ಮೈಗೆ ಅಂಟಿಸಿಕೊಂಡು ಕೋಲಿನ ಹಾಗೆ ನಿಂತಿದ್ದಳು. ತಂಗಿಯ ಭುಜದ ಮೇಲಿಂದ ನನಗೆ ಅವಳ ಮುಖ ಕಾಣುತ್ತಿತ್ತು. ತುಟಿ ಬಿಗಿಯಾಗಿ ಮುಚ್ಚಿತ್ತು, ಕೆನ್ನೆ ಉಬ್ಬಿತ್ತು, ಮುಖ ಕೆಂಪಗಾಗುತ್ತ ಬಂದಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಮೊದಲು ಅಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅರ್ಥವಾಯಿತು.

"ಬಿಡೇ ಅವಳನ್ನ" ಎಂದೆ. "ಉಸಿರು ಕಟ್ಕೊಂಡು ನಿಂತಿದಾಳೆ. ಬಿಡು."

ತಂಗಿ ಕೈ ಸಡಿಲಿಸಿದಳು. ಪಿನ್ನಿ ಎರಡು ಹೆಜ್ಜೆ ಹಿಂದೆ ಸರಿದು, ಮುಖವನ್ನು ಆ ಕಡೆಗೆ ತಿರುಗಿಸಿಕೊಂಡು, ಗೋಡೆಯ ಮೇಲೆ ಉಸಿರು ಬಿಟ್ಟಳು.